ಗ್ಲಾಸ್ಗೋ ಏರ್‌ಪೋರ್ಟ್ ದಾಳಿ: ಅಣ್ಣನ ಇಮೇಲನ್ನು ತಮ್ಮ ಓದಿದ್ದು ದಾಳಿಯಾಗಿ ಒಂದೂವರೆ ಗಂಟೆ ಆದ ಮೇಲೆ. ಮತ್ತೆ 18 ತಿಂಗಳು ಜೈಲು ಯಾಕೆ?

ವಾರಿಂಗ್ಟನ್_ವಾಸಿ
ಹೋದ ತಿಂಗಳು ನನಗೆ ಇಲ್ಲಿ ಇಂಗ್ಲೆಂಡಿನಲ್ಲಿ ಜ್ಯೂರಿ ಡ್ಯೂಟಿ (ಕೋರ್ಟಿನಲ್ಲಿ ಸಾಮಾನ್ಯ ಜನರೇ ಕೂತು ತೀರ್ಪು ಹೇಳುವ ಕೆಲಸ) ಬಂದಿತ್ತು. ಪಾಸ್‌ಪೋರ್ಟ್ ಇನ್ನೂ ಇಂಡಿಯಾದ್ದೇ, ಆದರೂ ಕಾಮನ್‌ವೆಲ್ತ್ ದೇಶದವರು ಮತದಾರರ ಪಟ್ಟಿಯಲ್ಲಿದ್ದರೆ ಕರೆಯುತ್ತಾರೆ. ಯಾವುದೋ ಗೋದಾಮಿನ ಕಳ್ಳತನದ ಕೇಸು. ಒಳಗೆ ಏನು ಮಾತಾಡಿದೆವು ಎಂದು ಹೇಳಿದರೆ ನಾನೇ ಜೈಲಿಗೆ ಹೋಗಬೇಕು, ಅದು ಬಿಡಿ. ಅಲ್ಲಿ ಕೆಲಸಕ್ಕಿಂತ ಕಾಯುವುದೇ ಜಾಸ್ತಿ. ಕೂತು ಕೂತು ಬೇಜಾರಾಗಿ ಫೋನಿನಲ್ಲಿ ಹಳೇ ಕೇಸುಗಳನ್ನು ಓದುತ್ತಿದ್ದೆ, ಹಾಗೆ ಗ್ಲಾಸ್ಗೋ ಕೇಸು ಸಿಕ್ಕಿತು.

ನೆನಪಿಲ್ಲದವರಿಗೆ: 2007ರ ಜೂನ್ 29ರಂದು ಲಂಡನ್ನಿನ ಹೇಮಾರ್ಕೆಟ್ ಸುತ್ತಮುತ್ತ ಎರಡು ಮರ್ಸಿಡಿಸ್ ಕಾರು ನಿಲ್ಲಿಸಿದ್ದರು. ಒಳಗೆ ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಮೊಳೆ. ಎರಡೂ ಸಿಡಿಯಲಿಲ್ಲ. ಮರುದಿನ ಮಧ್ಯಾಹ್ನ ಗ್ಲಾಸ್ಗೋ ಏರ್‌ಪೋರ್ಟ್ ಬಾಗಿಲಿಗೆ ಜೀಪ್ ನುಗ್ಗಿಸಿ ಬೆಂಕಿ ಹಚ್ಚಿದರು. ಓಡಿಸಿದವನು ಬೆಂಗಳೂರಿನ ಕಫೀಲ್ ಅಹ್ಮದ್, ಜೊತೆಗೆ ಇದ್ದವನು ಬಿಲಾಲ್ ಅಬ್ದುಲ್ಲಾ ಎನ್ನುವ ಡಾಕ್ಟರ್. ಕಫೀಲ್ ಮೈಯೆಲ್ಲಾ ಸುಟ್ಟುಕೊಂಡು ಆಗಸ್ಟ್ 2ಕ್ಕೆ ಸತ್ತ.

ನನ್ನ ತಲೆ ಕೊರೆಯುತ್ತಿರುವುದು ಅವನ ತಮ್ಮ ಸಬೀಲ್ ವಿಷಯ. ಅವನೂ ಡಾಕ್ಟರ್, ನಮ್ಮ ಈ ಕಡೆಯ ಆಸ್ಪತ್ರೆಯಲ್ಲೇ ಕೆಲಸ. ಅಣ್ಣ ಇಮೇಲ್ ಬಿಟ್ಟು ಹೋಗಿದ್ದ. ತಮ್ಮ ಅದನ್ನು ತೆರೆದಿದ್ದು ಏರ್‌ಪೋರ್ಟ್ ಘಟನೆ ಆಗಿ ಸುಮಾರು 90 ನಿಮಿಷ ಆದ ಮೇಲೆ. ಮೊದಲೇ ಅವನಿಗೆ ಏನೂ ಗೊತ್ತಿರಲಿಲ್ಲ ಎಂದು ಕೋರ್ಟೇ ಒಪ್ಪಿದೆ. ಆದರೂ 2008ರ ಏಪ್ರಿಲ್‌ನಲ್ಲಿ 18 ತಿಂಗಳ ಶಿಕ್ಷೆ. ಆಗಲೇ ಕಂಬಿ ಹಿಂದೆ ಕಳೆದ ದಿನಗಳನ್ನು ಲೆಕ್ಕ ಹಾಕಿ ಬಿಟ್ಟು, ಬೆಂಗಳೂರಿಗೆ ಕಳಿಸಿದರು. ಆಗಿದ್ದು ಆಗಿ ಹೋದ ಮೇಲೆ ಓದಿದವನ ತಪ್ಪೇನು? ಗೊತ್ತಿರುವವರು ಹೇಳಿ.

ಕಡಕ್_ಮಾತು
ತಪ್ಪೇನು ಅಂದರೆ? ಪೊಲೀಸರಿಗೆ ಹೇಳಲಿಲ್ಲ. ಅಷ್ಟೇ. 18 ತಿಂಗಳು ಕಡಿಮೆನೇ ಆಯ್ತು.

ಹುಬ್ಬಳ್ಳಿ_ಕರಿಕೋಟು
ವಾಸಿಯವರೇ, ಆ ಇಮೇಲ್‌ನಲ್ಲಿ ಇದ್ದಿದ್ದು ಬರೀ ಕೊನೆಯ ಮಾತಲ್ಲ ನೋಡಿ. ಅಣ್ಣ ಮನೆಯವರಿಗೆ ತಾನು ಐಸ್‌ಲ್ಯಾಂಡಿನಲ್ಲಿ ಇದ್ದೇನೆ, ಜಾಗತಿಕ ತಾಪಮಾನದ ಪ್ರಾಜೆಕ್ಟ್ ಎಂದು ಕತೆ ಕಟ್ಟಿದ್ದ. ಯಾರಾದರೂ ಕೇಳಿದರೆ ಅದೇ ಕತೆ ಮುಂದುವರಿಸು ಅಂತಲೂ ಬರೆದಿದ್ದ. ಅಂದರೆ ತಮ್ಮನ ಕೈಯಲ್ಲಿ ಆಗ ಮಾಡಿದವನ ಹೆಸರು ಇತ್ತು. ಆ ಹೊತ್ತಿಗೆ ಪೊಲೀಸರಿಗೆ ಜೀಪಿನಲ್ಲಿ ಸುಟ್ಟವನು ಯಾರು, ಹಿಂದೆ ಇನ್ನೆಷ್ಟು ಜನ ಇದ್ದಾರೆ ಒಂದೂ ಗೊತ್ತಿಲ್ಲ. ಇನ್ನೊಂದು ಕಾರು ಎಲ್ಲಾದರೂ ನಿಂತಿದ್ದರೆ?

ಬ್ರಿಟನ್ನಿನ 2000ದ ಟೆರರಿಸಂ ಆ್ಯಕ್ಟ್‌ನಲ್ಲಿ 38ಬಿ ಎಂಬ ಸೆಕ್ಷನ್ ಇದೆ. ಕೃತ್ಯ ತಡೆಯಲಿಕ್ಕೆ ನೆರವಾಗುವ ಸುದ್ದಿ ಮಾತ್ರ ಅಲ್ಲ, ಮಾಡಿದವರನ್ನು ಹಿಡಿಯಲಿಕ್ಕೆ ನೆರವಾಗುವ ಸುದ್ದಿ ಇದ್ದರೂ ಹೇಳಲೇಬೇಕು. ಆಗ ಗರಿಷ್ಠ 5 ವರ್ಷ ಇತ್ತು, 2019ರಲ್ಲಿ 10 ಮಾಡಿದರು. ಇವನು ತಪ್ಪೊಪ್ಪಿಕೊಂಡ, ಹಾಗಾಗಿ ವಿಚಾರಣೆಯೇ ನಡೆಯಲಿಲ್ಲ.

ವಾರಿಂಗ್ಟನ್_ವಾಸಿ
ಅಣ್ಣನ ಮೇಲೆ ತಮ್ಮ ದೂರು ಕೊಡಬೇಕು ಅಂತ ಕಾನೂನು. ಬರೆಯಲಿಕ್ಕೆ ಸುಲಭ ವಕೀಲರೇ.

ಹುಬ್ಬಳ್ಳಿ_ಕರಿಕೋಟು
ನಮ್ಮಲ್ಲೂ ರಿಯಾಯಿತಿ ಏನಿಲ್ಲ. ಅಪರಾಧಿಗೆ ಆಶ್ರಯ ಕೊಟ್ಟರೆ ಐಪಿಸಿ 212ರಲ್ಲಿ ಶಿಕ್ಷೆ ಇತ್ತು, ಗಂಡನನ್ನು ಹೆಂಡತಿ ಅಥವಾ ಹೆಂಡತಿಯನ್ನು ಗಂಡ ಬಚ್ಚಿಟ್ಟರೆ ಮಾತ್ರ ಮಾಫಿ. ಅಣ್ಣ ತಮ್ಮ, ಅಪ್ಪ ಅಮ್ಮ ಯಾರಿಗೂ ಇಲ್ಲ. ನನ್ನ ಹತ್ತಿರ ಬರುವ ತಾಯಂದಿರಿಗೆ ಇದನ್ನು ಹೇಳಿದರೆ ನನ್ನನ್ನೇ ರಾಕ್ಷಸ ಅನ್ನುವ ಹಾಗೆ ನೋಡುತ್ತಾರೆ.

ಬೆಣ್ಣೆದೋಸೆ_66
ಕಫೀಲ್ ಓದಿದ್ದು ನಮ್ಮ ದಾವಣಗೆರೆಯಲ್ಲಿ, ಯುಬಿಡಿಟಿ ಕಾಲೇಜಿನಲ್ಲಿ. ಎಂಜಿನಿಯರಿಂಗ್ ಮುಗಿಸಿ ಬೆಲ್‌ಫಾಸ್ಟ್‌ಗೆ ಹೋದ. 2007ರ ಜುಲೈನಲ್ಲಿ ಊರಿಗೆ ಟಿವಿಯವರು ದಂಡೆತ್ತಿ ಬಂದಿದ್ದರು. ನನ್ನ ಸೋದರಮಾವನ ಜೆರಾಕ್ಸ್ ಅಂಗಡಿ ಅಲ್ಲೇ ಹತ್ತಿರ. ಇವರು ನಿಮ್ಮ ಅಂಗಡಿಗೆ ಬರುತ್ತಿದ್ದರಾ ಅಂತ ಮೈಕ್ ಹಿಡಿದರಂತೆ. ಮಾವ, ಅಲ್ರೀ ವರ್ಷಕ್ಕೆ ಸಾವಿರ ಹುಡುಗರು ನೋಟ್ಸ್ ಜೆರಾಕ್ಸ್‌ಗೆ ಬರ್ತಾರೆ, ನಾನು ಮುಖ ನೋಡಲ್ಲ, ಚಿಲ್ಲರೆ ನೋಡ್ತೀನಿ ಅಂದರಂತೆ. ಅದನ್ನು ಪ್ರಸಾರ ಮಾಡಲಿಲ್ಲ 😀

ಕರಾವಳಿ_ರಫೀಕ್
ನಗು ಬಂತು ಬೆಣ್ಣೆದೋಸೆಯವರೇ. ಆದರೆ ಆ ಜುಲೈ ನಮಗೆ ಅಷ್ಟು ನಗು ತರಲಿಲ್ಲ. ನಾನು ಆಗ ಮ್ಯಾಂಚೆಸ್ಟರಿನಲ್ಲಿ, ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಬೆಂಗಳೂರು ಎಂಜಿನಿಯರ್, ಹೆಸರು ನೋಡಿದರೆ ಮುಸ್ಲಿಂ, ವಯಸ್ಸು 27. ಎಲ್ಲಾ ಕೂಡಿ ಬಂದಿತ್ತು. ಊರಿಗೆ ಹೊರಟಾಗ ಏರ್‌ಪೋರ್ಟಿನಲ್ಲಿ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಮೂರು ಗಂಟೆ ಕೂರಿಸಿದರು. ಬ್ಯಾಗಿನಲ್ಲಿ ಅಮ್ಮ ಕಳಿಸಿದ್ದ ಮೀನು ಮಸಾಲೆ ಪುಡಿಯ ಖಾಲಿ ಡಬ್ಬಿ ಇತ್ತು. ವಾಪಸ್ ತಾ, ತುಂಬಿಸಿ ಕೊಡ್ತೀನಿ ಅಂದಿದ್ದಳು. ಆ ಖಾಲಿ ಡಬ್ಬಿ ಯಾಕೆ ಒಯ್ಯುತ್ತಿದ್ದೀಯ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು ಉತ್ತರ ಕೊಡಬೇಕು ಹೇಳಿ. ಕೊನೆಗೆ ಒಬ್ಬ ಅಧಿಕಾರಿ ಮುಚ್ಚಳ ತೆಗೆದು ಮೂಸಿ ಒಂದೇ ಸಮ ಸೀನಿದ. ಅಲ್ಲಿಗೆ ಬಿಟ್ಟರು. ಅವರ ಮೇಲೆ ಸಿಟ್ಟಿಲ್ಲ, ಅವರ ಕೆಲಸ ಅವರು ಮಾಡಿದರು. ವಿಮಾನ ಮಾತ್ರ ತಪ್ಪಿತು.

ಕಡಕ್_ಮಾತು
ನಿಮಗೆ ತೊಂದರೆ ಆಯ್ತು, ಒಪ್ಪುತ್ತೇನೆ ರಫೀಕ್. ಆದರೆ ಯುರೋಪಿನವರು ತುಂಬಾ ಮೃದು. ಇಷ್ಟು ವಕೀಲರು, ಇಷ್ಟು ಹಕ್ಕು. ಸಿಕ್ಕಿಬಿದ್ದವನನ್ನು ವರ್ಷಗಟ್ಟಲೆ ಸಾಕುತ್ತಾರೆ.

ಗೋಲ್ಡ್‌ಕೋಸ್ಟ್_ಗಿರಿಜಾ
ಮೃದುವಾ? ಇದೇ ಕೇಸಿನ ಬಾಲ ನಮ್ಮ ಆಸ್ಟ್ರೇಲಿಯಾದಲ್ಲಿ ಹೇಗೆ ಆಡಿತು ಗೊತ್ತಾ. ಡಾಕ್ಟರ್ ಮೊಹಮದ್ ಹನೀಫ್, ಮೂಡಿಗೆರೆ ಕಡೆಯವರು, ಇಲ್ಲಿ ಗೋಲ್ಡ್ ಕೋಸ್ಟ್‌ನಲ್ಲಿ ಕೆಲಸ. ಕಫೀಲ್ ಸಬೀಲ್‌ಗೆ ದೂರದ ಅಣ್ಣತಮ್ಮ ಆಗಬೇಕು. ಹೆಂಡತಿಗೆ ಬೆಂಗಳೂರಿನಲ್ಲಿ ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿ ಒಂದು ವಾರ. ಜುಲೈ 2ಕ್ಕೆ ನೋಡಲು ಹೊರಟವರನ್ನು ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಹಿಡಿದರು. 12 ದಿನ ಆರೋಪವನ್ನೇ ಹೊರಿಸದೆ ಇಟ್ಟುಕೊಂಡರು.

ಸಾಕ್ಷಿ ಏನು? ಒಂದು ಸಿಮ್. 2006ರಲ್ಲಿ ಇಂಗ್ಲೆಂಡ್ ಬಿಡುವಾಗ, ಮೊಬೈಲ್ ಪ್ಲ್ಯಾನಿನ ಅವಧಿ ಇನ್ನೂ ಬಾಕಿ ಇದೆ ಎಂದು ಸಬೀಲ್‌ಗೆ ಕೊಟ್ಟು ಬಂದಿದ್ದರು. ಕೋರ್ಟಿನಲ್ಲಿ ಆ ಸಿಮ್ ಗ್ಲಾಸ್ಗೋದ ಸುಟ್ಟ ಜೀಪಿನಲ್ಲೇ ಸಿಕ್ಕಿತು ಎಂದು ಹೇಳಿದರು. ಆಮೇಲೆ ಹೊರಗೆ ಬಂತು: ಅದು ಸಿಕ್ಕಿದ್ದು ಜೀಪಿನಲ್ಲಿ ಅಲ್ಲ, ಲಿವರ್‌ಪೂಲ್‌ನಲ್ಲಿ, ಸಬೀಲ್ ಹತ್ತಿರ! ಎಲ್ಲಿಯ ಗ್ಲಾಸ್ಗೋ, ಎಲ್ಲಿಯ ಲಿವರ್‌ಪೂಲ್.

ಮೂಡಿಗೆರೆ_ಏಲಕ್ಕಿ
ಅಕ್ಕಾ ಜಾಮೀನು ಸಿಕ್ಕ ದಿನವೇ ವೀಸಾ ಕಿತ್ತುಕೊಂಡಿದ್ದು ಹೇಳಿ.

ಗೋಲ್ಡ್‌ಕೋಸ್ಟ್_ಗಿರಿಜಾ
ಹೌದಪ್ಪಾ, ಅದೇ ದೊಡ್ಡ ನಾಟಕ. ಜುಲೈ 16ರಂದು ಮ್ಯಾಜಿಸ್ಟ್ರೇಟ್ 10,000 ಡಾಲರ್ ಮೇಲೆ ಜಾಮೀನು ಕೊಟ್ಟರು. ಕೆಲವೇ ಗಂಟೆಯಲ್ಲಿ ವಲಸೆ ಮಂತ್ರಿ ಕೆವಿನ್ ಆಂಡ್ರೂಸ್ ವೀಸಾ ರದ್ದು ಮಾಡಿದರು. ಜಾಮೀನು ಸಿಕ್ಕರೂ ಹೊರಗೆ ಬರುವ ಹಾಗಿಲ್ಲ. 27ಕ್ಕೆ ಪ್ರಾಸಿಕ್ಯೂಷನ್ನೇ ಕೇಸು ಕೈಬಿಟ್ಟಿತು. ಮುಂದಿನ ತಿಂಗಳು ಫೆಡರಲ್ ಕೋರ್ಟು ವೀಸಾ ರದ್ದತಿಯೂ ತಪ್ಪು ಎಂದಿತು. 2008ರಲ್ಲಿ ಸರ್ಕಾರ ನೇಮಿಸಿದ ಕ್ಲಾರ್ಕ್ ವಿಚಾರಣೆ ಮುಗಿದು ಹನೀಫ್ ನಿರಪರಾಧಿ ಎಂದು ಸ್ಪಷ್ಟವಾಯಿತು, 2010ರಲ್ಲಿ ಸರ್ಕಾರ ಪರಿಹಾರ ಕೊಟ್ಟಿತು.

ನಾವು ಆ ವರ್ಷ ಇಲ್ಲಿಗೆ ಹೊಸದಾಗಿ ಬಂದಿದ್ದೆವು. ಹಿಂದಿದ್ದ ಬಾಡಿಗೆಯವರು, ಅವರೂ ನಮ್ಮವರೇ, ನಮಗೆ ಬಿಟ್ಟು ಹೋಗಿದ್ದು: ಕುಕ್ಕರ್, ಇಡ್ಲಿ ತಟ್ಟೆ, ಒಂದು ಟೇಬಲ್ ಫ್ಯಾನ್, ಒಂದು ಸಿಮ್. ಸುದ್ದಿ ನೋಡಿದ ರಾತ್ರಿ ನಮ್ಮ ಯಜಮಾನರು ಆ ಸಿಮ್ ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿದರು. ಆಮೇಲೆ, ಕತ್ತರಿಸಿದ್ದೇ ಸಾಕ್ಷಿ ನಾಶ ಅಂದರೆ ಏನು ಮಾಡೋದು ಎಂದು ಹೆದರಿ ಆ ತುಂಡುಗಳನ್ನು ಡಬ್ಬಿಯಲ್ಲಿ ಹಾಕಿ ಇಟ್ಟರು. ಇನ್ನೂ ಇದೆ.

ಬೆಣ್ಣೆದೋಸೆ_66
ಕುಕ್ಕರ್ ಇದೆಯಾ?

ಗೋಲ್ಡ್‌ಕೋಸ್ಟ್_ಗಿರಿಜಾ
ಇದೆ. ಹಿಡಿ ಎರಡು ಸಲ ಬದಲಾಯಿಸಿದೆ.

ಕಡಕ್_ಮಾತು
ಒಂದು ವಿಷಯ ಯಾರೂ ಹೇಳುತ್ತಿಲ್ಲ. ಅದೇ ಸಬೀಲ್‌ನನ್ನು 2020ರಲ್ಲಿ ಸೌದಿಯಿಂದ ಗಡಿಪಾರು ಮಾಡಿದಾಗ ಎನ್‌ಐಎ ದಿಲ್ಲಿಯಲ್ಲಿ ಹಿಡಿಯಿತು, ಬೆಂಗಳೂರಿನ ಬೇರೊಂದು ಭಯೋತ್ಪಾದನೆ ಕೇಸಿನಲ್ಲಿ. ಈಗ ಹೇಳಿ, ಪಾಪದ ತಮ್ಮ ಅಂತ.

ಹುಬ್ಬಳ್ಳಿ_ಕರಿಕೋಟು
ಅದು ಬೇರೆ ಕೇಸು, ಅದರ ಸಾಕ್ಷಿ ಬೇರೆ. 2020ರಲ್ಲಿ ಬಂಧನ ಆಯಿತು ಎನ್ನುವುದನ್ನು ಹಿಡಿದುಕೊಂಡು 2008ರ ಶಿಕ್ಷೆ ಅಳೆಯಲಿಕ್ಕೆ ಆಗುವುದಿಲ್ಲ. ಜಡ್ಜಿಗೆ ಜ್ಯೋತಿಷ್ಯ ಬರುವುದಿಲ್ಲವಲ್ಲ.

ವಾರಿಂಗ್ಟನ್_ವಾಸಿ
ಇದು ನನಗೆ ಗೊತ್ತಿರಲಿಲ್ಲ. ಸ್ವಲ್ಪ ಮುಜುಗರ ಆಯಿತು, ಸುಳ್ಳು ಹೇಳಲ್ಲ. ಆದರೂ ಪ್ರಶ್ನೆ ಅಲ್ಲೇ ಇದೆ.

ದುಭಾಷಿ
ನಾನು ಇಂಗ್ಲೆಂಡಿನ ಕೋರ್ಟುಗಳಲ್ಲಿ ಉರ್ದು, ಕನ್ನಡ ಅನುವಾದ ಮಾಡುತ್ತೇನೆ (ಕನ್ನಡಕ್ಕೆ ವರ್ಷಕ್ಕೆ ಒಂದೋ ಎರಡೋ ಕರೆ). ಮೃದು ಎನ್ನುವವರಿಗೆ ಬಿಲಾಲ್ ಅಬ್ದುಲ್ಲಾನ ಶಿಕ್ಷೆ ನೆನಪಿಸುತ್ತೇನೆ: ಜೀವಾವಧಿ, ಕನಿಷ್ಠ 32 ವರ್ಷ. ವುಲಿಚ್ ಕ್ರೌನ್ ಕೋರ್ಟು, 2008ರ ಡಿಸೆಂಬರ್. ಸುಮ್ನೆ ಹೆದರಿಸಲು ಹೊರಟಿದ್ದೆವು, ಕೊಲ್ಲಲು ಅಲ್ಲ ಎಂದು ಅವನು ಹೇಳಿದ್ದನ್ನು ಜ್ಯೂರಿ ನಂಬಲಿಲ್ಲ. ಅದೇ 12 ಜನ ಅದೇ ಕಟಕಟೆಯಲ್ಲಿ ನಿಂತಿದ್ದ ಇನ್ನೊಬ್ಬ ಡಾಕ್ಟರ್ ಮೊಹಮ್ಮದ್ ಆಶಾನನ್ನು ಖುಲಾಸೆ ಮಾಡಿದರು. ದುಡ್ಡು ಕೊಟ್ಟಿದ್ದ, ಸ್ನೇಹ ಇತ್ತು, ಆದರೆ ಸಂಚು ಗೊತ್ತಿತ್ತು ಎನ್ನುವುದಕ್ಕೆ ಪುರಾವೆ ಸಾಲಲಿಲ್ಲ. ಆ ಹೊತ್ತಿಗೆ ಅವನು 17 ತಿಂಗಳು ಒಳಗಿದ್ದ. ಖುಲಾಸೆ ಆದ ಮೇಲೂ ವಲಸೆ ಇಲಾಖೆ ದೇಶ ಬಿಡಿಸಲು ನೋಡಿತು.

ಅನುವಾದದ ವಿಷಯ ಬಂದಿದ್ದಕ್ಕೆ ಇನ್ನೊಂದು. ಮ್ಯಾಡ್ರಿಡ್ ರೈಲು ಸ್ಫೋಟ, 2004ರ ಮಾರ್ಚ್ 11, ಸತ್ತವರು 191. ರಬೇಯಿ ಉಸ್ಮಾನ್ ಎಂಬ ಈಜಿಪ್ಟಿನವನು ಇಟಲಿಯಲ್ಲಿ ಸಿಕ್ಕಿಬಿದ್ದ. ಅವನ ಅರಬ್ಬಿ ಮಾತನ್ನು ಇಟಲಿಯ ಪೊಲೀಸರು ಕದ್ದು ರೆಕಾರ್ಡ್ ಮಾಡಿದ್ದರು, ಮ್ಯಾಡ್ರಿಡ್ ಸಂಚು ನನ್ನದೇ ಎಂದು ಹೇಳಿಕೊಂಡಿದ್ದಾನೆ ಎಂದು ಅನುವಾದ. ಸ್ಪೇನಿನ ಕೋರ್ಟಿನಲ್ಲಿ ಬೇರೆ ಅನುವಾದಕರು ಅದೇ ಟೇಪ್ ಕೇಳಿ, ಹಾಗೆ ನೇರವಾಗಿ ಹೇಳಿಲ್ಲ ಎಂದರು. 2007ರ ಅಕ್ಟೋಬರ್ 31ಕ್ಕೆ ಅವನು ಖುಲಾಸೆ. ಒಂದು ಕ್ರಿಯಾಪದದ ಮೇಲೆ ಮನುಷ್ಯನ ಜೀವನ ನಿಂತಿರುತ್ತದೆ. ನಮ್ಮ ಭಾಷೆಯಲ್ಲೇ ನೋಡಿ, 'ಮುಗಿಸಿಬಿಟ್ಟೆ' ಎಂದರೆ ಊಟವೂ ಆಗಬಹುದು, ಬೇರೆಯೂ ಆಗಬಹುದು. ಟೇಪಿನಲ್ಲಿ ತಟ್ಟೆ ಕಾಣುವುದಿಲ್ಲ.

ಸೀನ್_ದಡದ_ಸೀನ
ಅದೇ ಮ್ಯಾಡ್ರಿಡ್ ಕೇಸಿನಲ್ಲಿ ಜಮಾಲ್ ಝೂಗಾಮ್‌ಗೆ ಕೊಟ್ಟ ಶಿಕ್ಷೆ 42,900 ಚಿಲ್ಲರೆ ವರ್ಷ! ಪ್ರತಿ ಸಾವಿಗೆ, ಪ್ರತಿ ಗಾಯಕ್ಕೆ ಬೇರೆ ಬೇರೆ ಕೂಡಿಸಿದ ಲೆಕ್ಕ. ಆದರೆ ಅಲ್ಲಿನ ಕಾನೂನಿನಲ್ಲಿ ಒಳಗೆ ಇಡುವುದು ಗರಿಷ್ಠ 40 ವರ್ಷ.

ಬೆಣ್ಣೆದೋಸೆ_66
ಅಂದರೆ 42,860 ವರ್ಷ ಡಿಸ್ಕೌಂಟ್. ನಮ್ಮ ಆಷಾಢ ಸೇಲ್ ಏನೂ ಅಲ್ಲ.

ಕಡಕ್_ಮಾತು
ನಾನು ಹೇಳಿದ್ದು ಇದೇ ಅಲ್ವಾ!! ಮೃದು.

ಸೀನ್_ದಡದ_ಸೀನ
ತಡೀರಿ ಕಡಕ್. ಪ್ಯಾರಿಸ್ ಕೇಳಿ. 2015ರ ನವೆಂಬರ್ 13ರ ಭಯೋತ್ಪಾದಕ ದಾಳಿಗಳು, 130 ಸಾವು, ಅದರಲ್ಲಿ 90 ಬಟಾಕ್ಲಾನ್ ಎಂಬ ಸಂಗೀತ ಸಭಾಂಗಣ ಒಂದರಲ್ಲೇ. ವಿಚಾರಣೆ ನಡೆದದ್ದು 2021ರ ಸೆಪ್ಟೆಂಬರ್‌ನಿಂದ 2022ರ ಜೂನ್ 29ರವರೆಗೆ. ನನ್ನ ಆಫೀಸು ಆಗ ನದಿಯ ಆಚೆ, ದಿನಾ ಆ ಹಳೇ ನ್ಯಾಯಾಲಯದ ಮುಂದೆ ನಡೆದು ಹೋಗುತ್ತಿದ್ದೆ. ಒಳಗಿನ ದೊಡ್ಡ ಹಜಾರದಲ್ಲಿ ತಿಳಿ ಮರದ ಹಲಗೆ ಹೊಡೆದು ಒಂದು ಹೊಸ ಕೋರ್ಟನ್ನೇ ಕಟ್ಟಿದ್ದರು. ಆರೋಪಿಗಳು 20 ಜನ, ಕೋರ್ಟಿನಲ್ಲಿ ಹಾಜರಿದ್ದವರು 14. ಕೇಸಿನ ಕಡತ 542 ಸಂಪುಟ.

ನನಗೆ ಕಣ್ಣಿಗೆ ಕಟ್ಟಿದ ಹಾಗೆ ಉಳಿದಿರುವುದು ಕೊರಳಪಟ್ಟಿ. ಬದುಕುಳಿದವರು, ಸತ್ತವರ ಮನೆಯವರು ಗುರುತಿನ ಚೀಟಿ ನೇತು ಹಾಕಿಕೊಳ್ಳುತ್ತಿದ್ದರು. ಪಟ್ಟಿ ಹಸಿರಾದರೆ ಪತ್ರಕರ್ತರು ಮಾತಾಡಿಸಬಹುದು. ಕೆಂಪಾದರೆ ಹತ್ತಿರ ಹೋಗುವ ಹಾಗಿಲ್ಲ. ಒಂದು ಬೆಳಿಗ್ಗೆ ಮೂಲೆಯ ಕೆಫೆಯಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದರು, ನಮ್ಮಮ್ಮನ ವಯಸ್ಸು. ಕೊರಳಲ್ಲಿ ಕೆಂಪು. ಕಾಫಿ ಮುಗಿಸಿ ಎದ್ದರು, ಎರಡು ಹೆಜ್ಜೆ ಇಟ್ಟು ವಾಪಸ್ ಬಂದು ಕೂತರು, ಇನ್ನೊಂದು ಕಾಫಿ ಹೇಳಿದರು. ಹೀಗೆ ಮೂರು ಸಲ. ನಾನು ಆಫೀಸಿಗೆ ಹೋದೆ, ಅವರು ಒಳಗೆ ಹೋದರೋ ಇಲ್ಲವೋ.

ಆರೋಪಿ ಸಲಾಹ್ ಅಬ್ದೆಸ್ಲಾಮ್‌ಗೆ ಬಿಡುಗಡೆಯ ದಾರಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂಥ ಜೀವಾವಧಿ. ಅಲ್ಲಿ ಅದು ತೀರಾ ಅಪರೂಪ. ಅವನು ಯಾರಿಗೂ ಗುಂಡು ಹಾರಿಸಿರಲಿಲ್ಲ. ಬಾಂಬ್ ಬೆಲ್ಟನ್ನು ಮನಸ್ಸು ಬದಲಾಗಿ ಬಿಸಾಡಿದೆ ಎಂದ. ಬೆಲ್ಟೇ ಕೆಟ್ಟಿತ್ತು ಎಂದಿತು ಕೋರ್ಟು, ಎಲ್ಲಾ ದಾಳಿಗಳಿಗೂ ಅವನನ್ನು ಸಹಕರ್ತೃ ಮಾಡಿತು. ಇದು ಮೃದುವಾ?

ವಾರಿಂಗ್ಟನ್_ವಾಸಿ
ಅಲ್ಲೂ ಜ್ಯೂರಿ ಇತ್ತಾ?

ಸೀನ್_ದಡದ_ಸೀನ
ಇಲ್ಲ, ಜಡ್ಜುಗಳು ಮಾತ್ರ. 1986ರಲ್ಲಿ ಆ್ಯಕ್ಸಿಯೋಂ ದಿರೆಕ್ತ್ ಎನ್ನುವ ಎಡಪಂಥದ ಗುಂಪಿನ ಕೇಸಿನಲ್ಲಿ ಆರೋಪಿ ಜ್ಯೂರಿಯವರಿಗೇ ಬೆದರಿಕೆ ಹಾಕಿದ, ಆಮೇಲೆ ಅವರಲ್ಲಿ ಕೆಲವರು ಬರಲೇ ಇಲ್ಲ. ಅದೇ ವರ್ಷ ಭಯೋತ್ಪಾದನೆ ಕೇಸುಗಳಿಗೆ ಜ್ಯೂರಿಯನ್ನೇ ತೆಗೆದರು. ಬೆಲ್ಜಿಯಂನಲ್ಲಿ ಉಳಿಸಿಕೊಂಡಿದ್ದಾರೆ. 2016ರ ಬ್ರಸೆಲ್ಸ್ ಸ್ಫೋಟದ ಕೇಸಿನಲ್ಲಿ 12 ಜನ ಸಾಮಾನ್ಯರು ಏಳು ತಿಂಗಳು ಕೇಳಿ, ಆಮೇಲೆ ಎರಡು ವಾರಕ್ಕೂ ಜಾಸ್ತಿ ಹೊರಗಿನ ಸಂಪರ್ಕ ಇಲ್ಲದೆ ಕೂತು ತೀರ್ಮಾನ ಮಾಡಿದರು. ನೀವು ಹತ್ತು ದಿನಕ್ಕೇ ಬೇಜಾರು ಅಂತೀರಿ.

ಮೂಡಿಗೆರೆ_ಏಲಕ್ಕಿ
ಆ ಬ್ರಸೆಲ್ಸ್ ಮೆಟ್ರೋದಲ್ಲಿ ಇನ್ಫೋಸಿಸ್‌ನ ಹುಡುಗನೊಬ್ಬ ಹೋದ. ಕೆಲವು ದಿನ ಪತ್ತೆಯೇ ಇರಲಿಲ್ಲ. ನಮ್ಮ ಪ್ರಾಜೆಕ್ಟಿನ ಗ್ರೂಪುಗಳಲ್ಲಿ ಅವನ ಫೋಟೋ ತಿರುಗುತ್ತಿತ್ತು, ಯಾವ ಆಸ್ಪತ್ರೆಯಲ್ಲಾದರೂ ಕಂಡಿರಾ ಎಂದು. ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಹ್ಯಾಂಬರ್ಗ್_ಹರೀಶ
ನಮ್ಮೂರಿನ ಕೇಸು ಬಿಟ್ಟಿರಿ. ಮುನೀರ್ ಅಲ್ ಮೊತಸ್ಸದೆಕ್, 9/11ರ ವಿಮಾನ ಅಪಹರಿಸಿದವರ ಗೆಳೆಯ, ಇಲ್ಲೇ ವಿದ್ಯಾರ್ಥಿ. 2003ರಲ್ಲಿ 15 ವರ್ಷ ಶಿಕ್ಷೆ. 2004ರಲ್ಲಿ ಮೇಲಿನ ಕೋರ್ಟು ರದ್ದು ಮಾಡಿತು. ಯಾಕೆ? ಅವನ ಪರ ಹೇಳಬಹುದಾಗಿದ್ದ ಮುಖ್ಯ ಸಾಕ್ಷಿ ಅಮೆರಿಕದ ವಶದಲ್ಲಿದ್ದ, ಅವರು ಕೊಡಲಿಲ್ಲ. ಮತ್ತೆ ವಿಚಾರಣೆ, 7 ವರ್ಷ. ಮತ್ತೆ ಮೇಲೆ ಹೋಗಿ 2007ಕ್ಕೆ ಪುನಃ 15. 2018ರಲ್ಲಿ ಬಿಟ್ಟು ಮೊರಾಕ್ಕೋಗೆ ಕಳಿಸಿದರು. ಜರ್ಮನ್ ಸಹೋದ್ಯೋಗಿಗಳಿಗೇ ಬೇಸರ ಬಂದಿತ್ತು. ಆದರೆ 3,000 ಜನ ಸತ್ತ ಮೇಲೂ ಸಾಕ್ಷಿ ಸರಿ ಇಲ್ಲ ಎಂದು ವಾಪಸ್ ಕಳಿಸಲು ಗುಂಡಿಗೆ ಬೇಕು ಅಂತ ನನಗೆ ಅನಿಸಿತು.

ಕಡಕ್_ಮಾತು
ಗುಂಡಿಗೆ ಅಲ್ಲ, ಹುಚ್ಚು. 2019ರ ಲಂಡನ್ ಬ್ರಿಜ್ ನೆನಪಿದೆಯಾ? ಉಸ್ಮಾನ್ ಖಾನ್, ಭಯೋತ್ಪಾದನೆ ಕೇಸಿನಲ್ಲಿ ಶಿಕ್ಷೆಯಾಗಿ ಅರ್ಧಕ್ಕೇ ಹೊರಗೆ ಬಂದಿದ್ದವನು. ಕೈದಿಗಳ ಸುಧಾರಣೆಯ ಕಾರ್ಯಕ್ರಮದಲ್ಲೇ ಚಾಕು ತೆಗೆದು ಇಬ್ಬರನ್ನು ಕೊಂದ.

ಕರಾವಳಿ_ರಫೀಕ್
ಅದು ನಿಜ, ಅದಕ್ಕೆ ಉತ್ತರ ಇಲ್ಲ. ಮರುವರ್ಷ ಭಯೋತ್ಪಾದನೆ ಕೈದಿಗಳನ್ನು ಅರ್ಧಕ್ಕೆ ತಾನಾಗಿ ಬಿಡುವ ಪದ್ಧತಿಯನ್ನೇ ತೆಗೆದರು, ಅದೂ ಸರಿ. ಆದರೆ ಕಡಕ್ ಸಾಹೇಬರೇ, ಉಸ್ಮಾನ್ ಖಾನ್‌ನ ಲೆಕ್ಕ ಹನೀಫ್ ತೀರಿಸಬೇಕಾ? ನಾನು ಕೇಳುವುದು ಇಷ್ಟೇ. ಅವನನ್ನು ಇನ್ನೂ ಹತ್ತು ವರ್ಷ ಇಟ್ಟಿದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ. ಇವರನ್ನು ಹಿಡಿಯುವ ಮೊದಲು ಸಿಮ್ ಎಲ್ಲಿ ಸಿಕ್ಕಿತು ಅಂತ ಸರಿಯಾಗಿ ಓದಿ.

ಕಡಕ್_ಮಾತು
ಹನೀಫ್ ವಿಷಯದಲ್ಲಿ ಒಪ್ಪಿದೆ. ಅಲ್ಲಿಗೆ ಮಾತ್ರ.

ಬೆಣ್ಣೆದೋಸೆ_66
ಕಡಕ್ ಒಪ್ಪಿದರು!! ಸ್ಕ್ರೀನ್‌ಶಾಟ್ ತೆಗೆದೆ.

ಮೂಡಿಗೆರೆ_ಏಲಕ್ಕಿ
ಹನೀಫ್‌ಗೆ 12 ದಿನ ಅಂತ ಅಷ್ಟು ಗಲಾಟೆ. ನಮ್ಮಲ್ಲಿ ಯುಎಪಿಎ (ಭಯೋತ್ಪಾದನೆ ತಡೆ ಕಾಯ್ದೆ) ಹಾಕಿದರೆ 180 ದಿನ ಕೇಳೋರೇ ಇಲ್ಲ.

ಹುಬ್ಬಳ್ಳಿ_ಕರಿಕೋಟು
ಎರಡು ಬೇರೆ ಅಳತೆ ಅವು. ಹನೀಫ್‌ನ 12 ದಿನ, ಬ್ರಿಟನ್ನಿನಲ್ಲಿ 2007ರಲ್ಲಿ ಇದ್ದ 28 ದಿನ, ಈಗಿನ 14 ದಿನ, ಇವೆಲ್ಲ ಆರೋಪ ಹೊರಿಸುವ ಮೊದಲಿನ ಲೆಕ್ಕ. ನಮ್ಮ 180 ಚಾರ್ಜ್‌ಶೀಟ್ ಹಾಕುವವರೆಗಿನ ಲೆಕ್ಕ. ಅಲ್ಲಿ ಆರೋಪ ಹೊರಿಸಿದ ಮೇಲೂ ವಿಚಾರಣೆ ತನಕ ಒಳಗೇ ಇರಬೇಕು, ಆಶಾ ಇದ್ದ ಹಾಗೆ. ಸೇಬಿಗೆ ಸೀಬೆ ಹೋಲಿಸಬೇಡಿ. ಆದರೆ ನಮ್ಮಲ್ಲಿ ಚಾರ್ಜ್‌ಶೀಟ್ ಆದ ಮೇಲೆ ವಿಚಾರಣೆ ಶುರು ಆಗುವುದು ಯಾವಾಗ ಅಂತ ಮಾತ್ರ ನನ್ನನ್ನು ಕೇಳಬೇಡಿ. ನಾಳೆ ನಾನು ಕೋರ್ಟಿಗೆ ಹೋಗಬೇಕು.

ನಿರ್ವಾಹಕ
ಎರಡು ಕಮೆಂಟ್ ತೆಗೆದಿದ್ದೇನೆ. ಇಡೀ ಧರ್ಮದ ಮೇಲೆ ಹೋಗುವವರು ಬೇರೆ ಕಡೆ ಹೋಗಿ. ಉಳಿದವರು ಮುಂದುವರಿಸಿ.

ದುಭಾಷಿ
ವಾಸಿಯವರ ಪ್ರಶ್ನೆಗೆ ನನ್ನ ಕಡೆಯಿಂದ ಒಂದು ಮಾತು. ಮನೆಯವರ ಮೇಲೆ ಹೇಳಿಕೆ ಕೊಡುವವರ ಪಕ್ಕ ನಾನು ಕೂತಿದ್ದೇನೆ (ಭಯೋತ್ಪಾದನೆ ಕೇಸಲ್ಲ, ಬೇರೆ). ಮೊದಲ ಒಂದು ಗಂಟೆ ಅವರು ಮಾತೇ ಆಡುವುದಿಲ್ಲ. ನೀರು ಕೇಳುತ್ತಾರೆ, ಕುಡಿಯುವುದಿಲ್ಲ. ಆ ಒಂದು ಗಂಟೆ ಸಬೀಲ್‌ಗೂ ಸಿಗಬೇಕಿತ್ತು ಅಂತ ನನಗೂ ಅನಿಸುತ್ತದೆ. ಆದರೆ ಅವನು ಆ ಗಂಟೆ ಕಳೆದ ಮೇಲೂ ತಾನಾಗಿ ಹೋಗಿ ಹೇಳಲಿಲ್ಲ. ಪೊಲೀಸರೇ ಅವನನ್ನು ಹುಡುಕಿಕೊಂಡು ಬಂದರು. ಶಿಕ್ಷೆ ಅದಕ್ಕೆ.

ವಾರಿಂಗ್ಟನ್_ವಾಸಿ
ಸರಿ ಮೇಡಂ. ಇದು ಅರ್ಥ ಆಯಿತು, ಒಪ್ಪಿದೆನಾ ಗೊತ್ತಿಲ್ಲ. ನನಗೂ ಒಬ್ಬ ಅಣ್ಣ ಇದ್ದಾನೆ, ಎರಡು ವರ್ಷದಿಂದ ಮಾತಿಲ್ಲ, ಸೈಟಿನ ಜಗಳ. ನಿನ್ನೆ ಈ ಥ್ರೆಡ್ ಓದುತ್ತಾ ಮಧ್ಯದಲ್ಲಿ ಅವನಿಗೆ ಫೋನ್ ಮಾಡಿದೆ. ಏನಾಯ್ತೋ, ಯಾರಿಗೆ ಹುಷಾರಿಲ್ಲ ಎಂದ. ಏನೂ ಇಲ್ಲ ಅಂದೆ.

ಇನ್ನೊಂದು ಎಡವಟ್ಟು. ನನ್ನ ಹೆಸರಿನ ಹಳೇ ನಂಬರ್ ಒಂದು ಬೆಳಗಾವಿಯ ಹುಡುಗನ ಹತ್ತಿರ ಇದೆ. 2019ರಲ್ಲಿ ಮನೆ ಬದಲಾಯಿಸುವಾಗ ಕೊಟ್ಟಿದ್ದೆ. ಮೆಸೇಜ್ ಹಾಕಿದ್ದೇನೆ, ನೋಡಿಲ್ಲ.

ಗೋಲ್ಡ್‌ಕೋಸ್ಟ್_ಗಿರಿಜಾ
ಮೆಸೇಜ್ ಅಲ್ಲ, ಕಂಪನಿಗೆ ಫೋನ್ ಮಾಡಿ ಕಟ್ ಮಾಡಿಸಿ. ಈಗಲೇ.

ಬೆಣ್ಣೆದೋಸೆ_66
ಅಕ್ಕಾ ಆ ಕುಕ್ಕರ್ ಯಾವ ಲೀಟರಿನದು? ತಂಗಿ ಬ್ರಿಸ್ಬೇನ್‌ಗೆ ಬರುತ್ತಿದ್ದಾಳೆ, ಊರಿಂದ ತರಬೇಕಾ ಅಲ್ಲೇ ಸಿಗುತ್ತಾ?

ಗೋಲ್ಡ್‌ಕೋಸ್ಟ್_ಗಿರಿಜಾ
ಐದು. ಇಲ್ಲಿ ಸಿಗುತ್ತೆ, ಗ್ಯಾಸ್ಕೆಟ್ ಮಾತ್ರ ಊರಿಂದ ನಾಲ್ಕು ತರಲು ಹೇಳು.